ಜೊತೆ ಬಿಟ್ಟು ನಡೆಯಲು ಎಳೆ ಕುದುರೆಗೆ ಕಲಿಸುವ ಬಗೆ: ಎಂಡ್ಯೂರೆನ್ಸ್ ಸವಾರರಿಗೆ

ಎಂಡ್ಯೂರೆನ್ಸ್ ಎಂದರೆ ಕುದುರೆಯ ಮೇಲೆ ಸುತ್ತು ಸುತ್ತಾಗಿ ಬಹುದೂರ ಸಾಗುವ ಸ್ಪರ್ಧೆ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುವ ಜಾಗವೇ ವೆಟ್ ಗೇಟು. ಅಲ್ಲಿ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಮೊದಲು ಎಣಿಸುವುದು ಎದೆಬಡಿತವನ್ನು. ನಿಮಿಷಕ್ಕೆ 64ರೊಳಗೆ ಇರಬೇಕು. ಒಂದು ಸುತ್ತು ಮುಗಿಸಿ ಬಂದ ಕುದುರೆ ಅಷ್ಟಕ್ಕೆ ಇಳಿಯಲು ಸಿಗುವುದು 15 ನಿಮಿಷ, ಕೊನೆಯ ಸುತ್ತಾದರೆ 20. ದಮ್ಮಿರುವ ಕುದುರೆಗೆ ಇದೇನೂ ಕಷ್ಟವಲ್ಲ. ನಾಲ್ಕು ಬಕೆಟ್ ನೀರು ಸುರಿದು ನೆರಳಲ್ಲಿ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಆದರೆ ಅದೇ ಕುದುರೆ, ಪಕ್ಕದಲ್ಲಿದ್ದ ಜೊತೆಗಾರ ಆಚೆ ಹೊರಟದ್ದನ್ನು ಕಂಡು ಕತ್ತೆತ್ತಿ ಒಂದು ಸಲ ಕೆನೆದರೆ ಸಾಕು, ಬಡಿತ 90 ದಾಟಿಬಿಡುತ್ತದೆ. ಕಾಲು ಚೆನ್ನಾಗಿದೆ, ಉಸಿರು ಚೆನ್ನಾಗಿದೆ, ಆದರೂ ಸ್ಪರ್ಧೆಯಿಂದ ಹೊರಗೆ.

ನಾನು ದೇವನಹಳ್ಳಿ ಕಡೆ ಒಂದು ಸಣ್ಣ ಲಾಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವ ಸವಾರರು ಹೆಚ್ಚಿನವರು ವಾರವಿಡೀ ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ಕಂಪ್ಯೂಟರ್ ಮುಂದೆ ಕೂತು ಶನಿವಾರ ಬೆಳಕು ಹರಿಯುವ ಮುಂಚೆ ಬೂಟು ಹಾಕಿಕೊಂಡು ಇಳಿಯುವವರು. ಅವರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ನಮ್ಮ ಕಸ್ತೂರಿಯನ್ನು ತೆಗೆದುಕೊಳ್ಳೋಣ. ಮಾರ್ವಾಡಿ ಮಿಶ್ರತಳಿಯ ಹೆಣ್ಣು, ಓಟಕ್ಕೆ ಹೇಳಿ ಮಾಡಿಸಿದ ಮೈ. ಅವಳ ಪ್ರಾಣವೆಲ್ಲ ಸುಬೇದಾರನ ಮೇಲೆ. ಇವನು ಕುಣಿಗಲ್ ಸ್ಟಡ್ ಫಾರಂನಲ್ಲಿ ಹುಟ್ಟಿ, ರೇಸ್ ಓಡಿ, ಈಗ ನಿವೃತ್ತಿಯಲ್ಲಿರುವ ಥರೋಬ್ರೆಡ್ ಮುದುಕ.

"ಅಣ್ಣಾ, ಇನ್ನೊಂದು ಹತ್ತು ಕಿಲೋಮೀಟರ್ ಓಡ್ಸಿದ್ರೆ ಸುಸ್ತಾಗಿ ಸುಮ್ನಾಗ್ತಾಳೆ ಬಿಡಿ" ಎಂದಳು ಅವಳ ಸವಾರಳು.

"ಸುಸ್ತಾಗೋದು ನೀನಮ್ಮ, ಅವಳಲ್ಲ" ಎಂದೆ.

ತಮಾಷೆಗೆ ಹೇಳಿದ್ದಲ್ಲ. ಎಂಡ್ಯೂರೆನ್ಸಿಗೆ ತಯಾರು ಮಾಡುವುದೆಂದರೆ ದಮ್ಮು ಬೆಳೆಸುವುದು. ಇವತ್ತು ಹತ್ತು ಕಿಲೋಮೀಟರಿಗೆ ದಣಿಯುವ ಕುದುರೆ ಕೆಲವು ತಿಂಗಳಲ್ಲಿ ಮೂವತ್ತಕ್ಕೂ ದಣಿಯುವುದಿಲ್ಲ. ಭಯ ಮಾತ್ರ ಹಾಗೇ ಉಳಿದಿರುತ್ತದೆ, ಈಗ ಅದಕ್ಕೆ ಇನ್ನಷ್ಟು ಶಕ್ತಿ ಬೇರೆ ಬಂದಿರುತ್ತದೆ. ಕುದುರೆ ಕಲಿಯಬೇಕಾದದ್ದು ಒಂದೇ ಒಂದು ಸಂಗತಿ: ಹೋದವರು ವಾಪಸ್ ಬರುತ್ತಾರೆ, ಅಲ್ಲಿವರೆಗೆ ನನಗೇನೂ ಆಗುವುದಿಲ್ಲ. ಹೆದರಿ ಹುಚ್ಚೆದ್ದ ಮೇಲೆ ಯಾವ ಕುದುರೆಯೂ ಏನನ್ನೂ ಕಲಿಯುವುದಿಲ್ಲ. ಭಯ ಮೀಟರ್ ಬಡ್ಡಿ ಥರ, ಚಿಕ್ಕದಿರುವಾಗಲೇ ತೀರಿಸಬೇಕು.

ಮೊದಲು ಹೊಟ್ಟೆ ನೋಡಿಸಿ

ತರಬೇತಿ ಶುರು ಮಾಡುವ ಮುಂಚೆ ಪಶುವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಇದುವರೆಗೆ ಸುಮ್ಮನಿದ್ದ ಕುದುರೆ ಇದ್ದಕ್ಕಿದ್ದಂತೆ ಜೊತೆಗೆ ಅಂಟಿಕೊಳ್ಳತೊಡಗಿದರೆ ಇದು ಇನ್ನೂ ಮುಖ್ಯ. ನೋವಿರುವ ಪ್ರಾಣಿ ಗುಂಪು ಬಿಟ್ಟು ಹೋಗಲು ಹೆದರುತ್ತದೆ. ಹಲ್ಲು, ಬೆನ್ನಿಗೆ ಒತ್ತುವ ಜೀನು, ಸರಿಯಾಗಿ ಕೂರದ ಲಾಳ, ಎಲ್ಲವೂ ಕಾರಣವಾಗಬಹುದು. ಎಂಡ್ಯೂರೆನ್ಸ್ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ಸಾಮಾನ್ಯ. ಕುದುರೆಯ ಜಠರ ಮೇವಿರಲಿ ಇಲ್ಲದಿರಲಿ ಆಮ್ಲ ಸುರಿಸುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆ ಆಮ್ಲ ಮೇಲಿನ ಗೋಡೆಗೆ ಚಿಮ್ಮುತ್ತದೆ. ಹಾಗಾಗಿ ಸವಾರಿಗೆ ಮುಂಚೆ ಒಂದಿಷ್ಟು ಕುದುರೆ ಮೆಂತ್ಯ (ಲೂಸರ್ನ್ ಮೇವು) ತಿನ್ನಿಸಿಯೇ ಹೊರಡುತ್ತೇವೆ. ಅದರಲ್ಲಿರುವ ಸುಣ್ಣದಂಶ ಆಮ್ಲವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹೊಟ್ಟೆಯಲ್ಲಿ ಮೇವಿನ ತೆಪ್ಪ ಇದ್ದಂತೆಯೂ ಆಯಿತು.

ಲಾಯದಲ್ಲಿ

ಅಗಲಿಕೆ ಎರಡು ಥರ. ತಾನು ಜೊತೆಗಾರನನ್ನು ಬಿಟ್ಟು ಹೋಗುವುದು ಒಂದು, ಜೊತೆಗಾರ ತನ್ನನ್ನು ಬಿಟ್ಟು ಹೋಗುವುದು ಇನ್ನೊಂದು. ಹೆಚ್ಚಿನ ಕುದುರೆಗಳಿಗೆ ಎರಡನೆಯದೇ ಕಠಿಣ. ಸವಾರರೋ, ಅಭ್ಯಾಸ ಮಾಡಿಸುವುದು ಮೊದಲನೆಯದನ್ನು ಮಾತ್ರ. ತಮ್ಮ ಕುದುರೆ ಏರಿ ಗೇಟು ದಾಟಿ ಒಬ್ಬರೇ ಹೋಗಿ ಬಂದು, "ಆಯ್ತಲ್ಲ ಅಣ್ಣಾ, ಈಗ ಒಂಟಿಯಾಗಿ ಹೋಗ್ತಾಳೆ" ಅನ್ನುತ್ತಾರೆ. ಸ್ಪರ್ಧೆಯಲ್ಲಿ ನಿಮ್ಮ ಕುದುರೆಯನ್ನು ಹಿಂದಿಕ್ಕಿ ಹೋಗುವ ಕುದುರೆಗಳು ಎಷ್ಟಿರುತ್ತವೆ, ಯೋಚಿಸಿ. ಎರಡನ್ನೂ ಬೇರೆ ಬೇರೆ ಪಾಠವಾಗಿ ಕಲಿಸಬೇಕು.

ಇದಕ್ಕೆ ಇಬ್ಬರು ಬೇಕು. ಕಸ್ತೂರಿಯ ಮುಂದೆ ಮೇವಿನ ಬಲೆ ಕಟ್ಟಿ ಒಬ್ಬರು ಅವಳ ಹತ್ತಿರ ಸುಮ್ಮನೆ ನಿಲ್ಲುತ್ತಾರೆ. ಇನ್ನೊಬ್ಬರು ಸುಬೇದಾರನನ್ನು ಹಗ್ಗ ಹಿಡಿದು ಐದು ಹೆಜ್ಜೆ ಆಚೆ ನಡೆಸಿ, ವಾಪಸ್ ತರುತ್ತಾರೆ. ಅಷ್ಟೇ. ನೋಡುವವರಿಗೆ ಹುಚ್ಚಾಟ ಅನ್ನಿಸಬಹುದು. ಆ ಹೊತ್ತಿನಲ್ಲಿ ಕಸ್ತೂರಿಯ ಬಾಯಿಯ ಮೇಲೆ ಕಣ್ಣಿರಲಿ. ಭಯ ಏರುವುದಕ್ಕೆ ಒಂದು ಕ್ರಮವಿದೆ: ಮೊದಲು ಜಗಿಯುವುದು ನಿಲ್ಲುತ್ತದೆ. ಆಮೇಲೆ ಎರಡೂ ಕಿವಿ ಒಂದೇ ದಿಕ್ಕಿಗೆ ನೆಟ್ಟಗಾಗುತ್ತವೆ, ಕತ್ತು ಮೇಲೇಳುತ್ತದೆ, ಹೊಳ್ಳೆ ಅರಳುತ್ತದೆ, ಲದ್ದಿ ಬೀಳುತ್ತದೆ. ಕೆನೆಯುವುದು, ಗೊರಸಿನಿಂದ ನೆಲ ಕೆರೆಯುವುದು, ಸುತ್ತು ಹಾಕುವುದು ಎಲ್ಲ ಆಮೇಲಿನ ಮಾತು. ಸುಬೇದಾರ ವಾಪಸ್ ಬರಬೇಕಾದದ್ದು ಜಗಿಯುವುದು ನಿಲ್ಲುವ ಮುಂಚೆ, ತಪ್ಪಿದರೆ ನಿಂತ ಕೂಡಲೇ.

ಕೆನೆದ ಮೇಲೆ ಕರೆತಂದರೆ ಏನಾಗುತ್ತದೆ ಎಂದರೆ, ಕೂಗಿದರೆ ಬರುತ್ತಾನೆ ಎಂದು ಅವಳು ಕಲಿಯುತ್ತಾಳೆ. ಹಾಗೆಂದು ಕೂಗುತ್ತಲೇ ಇರಲಿ ಎಂದು ಬಿಡುವುದೂ ಸರಿಯಲ್ಲ. ಕೂಗಿಬಿಟ್ಟಳೇ? ಸುಬೇದಾರನನ್ನು ಇದ್ದಲ್ಲೇ ನಿಲ್ಲಿಸಿ. ಒಂದು ನಿಟ್ಟುಸಿರು, ತಲೆ ತುಸು ಇಳಿಯುವುದು, ಬಾಯಿ ಚಪ್ಪರಿಸುವುದು, ಇಂಥ ಒಂದು ಬಿಡುವು ಸಿಕ್ಕ ತಕ್ಷಣ ಕರೆತನ್ನಿ. ಮುಂದಿನ ಸಲ ದೂರ ಕಮ್ಮಿ ಮಾಡಿ.

ಐದು ಹೆಜ್ಜೆಯಿಂದ ಹೊಂಗೆ ಮರದವರೆಗೆ, ಹೊಂಗೆ ಮರದಿಂದ ಮೇವಿನ ಶೆಡ್ಡಿನ ಮೂಲೆಯವರೆಗೆ, ಹೀಗೆ ಬೆಳೆಸುತ್ತ ಹೋಗಿ. ಶೆಡ್ಡಿನ ಹಿಂದೆ ಮರೆಯಾಗುವುದು ದೂರ ಹೆಚ್ಚಿದಂತಲ್ಲ, ಅದು ಬೇರೆಯೇ ಪಾಠ. ಅಲ್ಲಿ ಮತ್ತೆ ಒಂದು ಕ್ಷಣದಿಂದ ಶುರು ಮಾಡಬೇಕು: ಮರೆಯಾಗಿ, ತಿರುಗಿ ಕಾಣಿಸಿಕೊಳ್ಳುವುದು. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಸಂಜೆ ಹುರುಳಿ ಹಾಕುವ ಹೊತ್ತಿಗಂತೂ ಬೇಡವೇ ಬೇಡ, ಆಗ ಇಡೀ ಲಾಯವೇ ಕೂಗುತ್ತಿರುತ್ತದೆ.

ಆಚೆ ಹೋಗುವ ಕುದುರೆ ಯಾವುದು ಎಂಬುದು ಮುಖ್ಯ. ಸುಬೇದಾರ ಎಷ್ಟು ಕರೆದರೂ ಉತ್ತರ ಕೊಡುವುದಿಲ್ಲ, ಮೇಲಾಗಿ ಅವನ ಕಿವಿಯೂ ಈಗ ಮಂದ. ಉತ್ತರ ಕೊಡುವ ಕುದುರೆಯಾದರೆ ಇಬ್ಬರೂ ಕೂಗಾಡಿಕೊಂಡು ನಿಮ್ಮ ಬೆಳಗಿನ ಹೊತ್ತು ಹಾಳು.

ಇನ್ನೊಂದು ವಿಧಾನ ಬಹಳ ಜನ ಹೇಳಿಕೊಡುತ್ತಾರೆ: ಜೊತೆಗಾರನ ಹತ್ತಿರ ಕುಕ್ಕುಲೋಟದಲ್ಲಿ (ಟ್ರಾಟ್, ನಡಿಗೆಗಿಂತ ಜೋರಿನ ಹೆಜ್ಜೆ) ಸುತ್ತು ಹೊಡೆಸಿ ಕೆಲಸ ಮಾಡಿಸಿ, ದೂರ ಒಯ್ದು ವಿಶ್ರಾಂತಿ ಕೊಡುವುದು. ಹತ್ತಿರ ದಣಿವು, ದೂರ ಸುಖ ಎಂದು ಕುದುರೆಗೆ ತಿಳಿಯಲಿ ಎಂಬ ಲೆಕ್ಕ. ಲಾಯ ಬಿಡಲು ಸೋಮಾರಿತನ ತೋರುವ, ಧೈರ್ಯವಿರುವ ಕುದುರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಜವಾಗಿ ಹೆದರಿದ ಎಳೆ ಕುದುರೆಗೆ ನಾನು ಇದನ್ನು ಮಾಡಿಸುವುದಿಲ್ಲ. ಮೊದಲೇ ಏರಿದ ಬಡಿತವನ್ನು ಇನ್ನಷ್ಟು ಏರಿಸಿ ಏನು ಸಾಧಿಸಿದಂತಾಯಿತು?

ಒಂಟಿ ಕೋಣೆಯಲ್ಲಿ ಕೂಡಿಹಾಕಿ "ಅಭ್ಯಾಸವಾಗಲಿ" ಎನ್ನುವವರೂ ಇದ್ದಾರೆ. ಅದರಿಂದ ಆಗುವ ಅಭ್ಯಾಸ ಗೊತ್ತು: ನಿಂತಲ್ಲೇ ಅತ್ತಿತ್ತ ತೂಗುವುದು, ಗೋದಲಿ ಕಚ್ಚಿ ಗಾಳಿ ನುಂಗುವುದು. ಕುದುರೆ ಗುಂಪಿನ ಪ್ರಾಣಿ, ಗುಂಪಿನಲ್ಲೇ ಇರಲಿ. ಆದರೆ ಪಕ್ಕದ ಕೋಣೆಯ ನೆಂಟನನ್ನು ಆಗಾಗ ಬದಲಿಸುತ್ತಿರಿ. ಒಬ್ಬನನ್ನೇ ಹಚ್ಚಿಕೊಳ್ಳುವ ಬದಲು ನಾಲ್ವರ ಗೆಳೆತನ ಆಗುತ್ತದೆ.

ಹೊರಗಿನ ದಾರಿಯಲ್ಲಿ

ನಮ್ಮ ಕಡೆ ಸವಾರಿಗೆ ದ್ರಾಕ್ಷಿ ತೋಟಗಳ ನಡುವಿನ ಮಣ್ಣು ರಸ್ತೆ, ನೀಲಗಿರಿ ತೋಪು, ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳ ಇವೆ. ಎರಡು ಕುದುರೆ, ಇಬ್ಬರು ಸವಾರರು. ಮೊದಮೊದಲು ಮುಂದೆ ಹಿಂದೆ ಬದಲಾಯಿಸುವ ಆಟ: ಹಿಂದಿನವರು ನಡಿಗೆಯಲ್ಲೇ ಮುಂದಿನವರನ್ನು ದಾಟಿ ನಾಲ್ಕು ಕುದುರೆಯುದ್ದ ಮುಂದೆ ಹೋಗಿ, ನಿಂತು, ಅವರು ದಾಟಲು ಬಿಡುವುದು. ನಡಿಗೆಯಲ್ಲಿ ಸರಾಗವಾದ ಮೇಲೆ ಕುಕ್ಕುಲೋಟದಲ್ಲಿ. ದಾಟುವವರು ಎಂದೂ ನುಗ್ಗಿ ಓಡಬಾರದು. ಎಳೆ ಕುದುರೆಗೆ ಅದು ಅಪಾಯದಿಂದ ಓಡಿದ ಹಾಗೆ ಕಾಣುತ್ತದೆ.

ಆಮೇಲೆ ಕೆರೆ. ಒಬ್ಬರು ಏರಿಯ ಮೇಲೆ, ಇನ್ನೊಬ್ಬರು ಕೆಳಗೆ ಅಂಗಳದಲ್ಲಿ. ಒಬ್ಬರಿಗೊಬ್ಬರು ಕಾಣುತ್ತಲೇ ಇರುತ್ತಾರೆ, ದೂರ ಮಾತ್ರ ಬೆಳೆಯುತ್ತ ಹೋಗಿ ತೂಬಿನ ಹತ್ತಿರ ಮತ್ತೆ ಸೇರುತ್ತಾರೆ. ಇದು ಸಲೀಸಾದ ಮೇಲೆ ನೀಲಗಿರಿ ತೋಪಿನಲ್ಲಿ ಕವಲು ದಾರಿ ಹಿಡಿಯಿರಿ: ಮರಗಳ ನಡುವೆ ಒಮ್ಮೆ ಕಂಡು ಒಮ್ಮೆ ಮರೆಯಾಗಿ, ಆಚೆ ಬದಿ ಭೇಟಿ. ಕುದುರೆಗೆ ಭೇಟಿಯ ಜಾಗ ನೆನಪಾಗದಿರಲು ದಾರಿ ಬದಲಿಸುತ್ತಿರಿ, ಇಲ್ಲದಿದ್ದರೆ ಅಲ್ಲಿಗೆ ಎಳೆದುಕೊಂಡು ಓಡುತ್ತದೆ.

ಒಂಟಿಯಾದಾಗ ಚಡಪಡಿಸಿದರೆ ಎರಡೂ ಲಗಾಮು ಬಿಗಿಹಿಡಿಯಬೇಡಿ. ಕಟ್ಟಿಹಾಕಿದಂತಾಗಿ ಭಯ ದ್ವಿಗುಣವಾಗುತ್ತದೆ. ಒಂದು ಕಡೆಯ ಲಗಾಮಿನಿಂದ ದೊಡ್ಡ ಬಳಸು ತಿರುಗಿಸಿ, ನಿಲ್ಲಿಸಿ, ಎರಡು ಹೆಜ್ಜೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕಾಲಿಗೆ ಕೆಲಸ ಕೊಟ್ಟರೆ ತಲೆಗೂ ಕೆಲಸ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಇಳಿದು ಜೊತೆಯಲ್ಲಿ ನಡೆಯಿರಿ, ನಾಚಿಕೆ ಬೇಡ. ಎಂಡ್ಯೂರೆನ್ಸ್ ನಿಯಮದಲ್ಲೂ ಹೊರಡುವ ಗೆರೆ ಮತ್ತು ಮುಗಿಯುವ ಗೆರೆಯನ್ನು ದಾಟುವಾಗ ಬೆನ್ನ ಮೇಲಿದ್ದರೆ ಆಯಿತು, ನಡುವೆ ಇಳಿದು ನಡೆಸಬಹುದು, ಓಡಬಹುದು. ಕಾಲ್ನಡಿಗೆಯಲ್ಲಿ ನಿಮ್ಮ ಭುಜ ಕಾಣುತ್ತಿರುವಾಗ ಎಳೆ ಕುದುರೆಗೆ ನೀವೂ ಗುಂಪಿನವರೇ.

ಎದೆಬಡಿತ ತೋರಿಸುವ ಪಟ್ಟಿ ನಿಮ್ಮಲ್ಲಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಶ್ರಾಂತಿಯಲ್ಲಿ ದೊಡ್ಡ ಕುದುರೆಯ ಬಡಿತ 28ರಿಂದ 44. ಸಮತಟ್ಟಾದ ದಾರಿಯಲ್ಲಿ ಬರೀ ನಡೆಯುತ್ತಿರುವಾಗ 120 ತೋರಿಸಿದರೆ ಅದು ದಣಿವಲ್ಲ, ಭಯ. ಹೊರಗೆ ಶಾಂತವಾಗಿ ಕಂಡು ಒಳಗೆ ನಡುಗುವ ಕುದುರೆಗಳನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಇದೆಲ್ಲದರ ಮಧ್ಯೆ ಒಂದು ಸ್ಥಳೀಯ ಸಂಗತಿ: ನೆತ್ತಿಯ ಮೇಲೆ ಹಾರುವ ವಿಮಾನಕ್ಕೆ ನಮ್ಮ ಯಾವ ಕುದುರೆಯೂ ತಲೆ ಎತ್ತುವುದಿಲ್ಲ. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ರಾಗಿ ಹುಲ್ಲು ಕಂಡರೆ ಮಾತ್ರ ಒಂಟಿ ಕುದುರೆ ನೆಲಕ್ಕೆ ಅಂಟಿಬಿಡುತ್ತದೆ. ಜೊತೆಗಾರ ದಾಟಿದರೆ ತಾನೂ ದಾಟುತ್ತದೆ. ಒಂಟಿತನದ ಪಾಠವನ್ನೂ ರಾಗಿ ಹುಲ್ಲಿನ ಪಾಠವನ್ನೂ ಒಂದೇ ದಿನ ಹೇಳಿಕೊಡಬೇಡಿ.

ವೆಟ್ ಗೇಟಿನ ತಾಲೀಮು

ಹೊಸ ಸವಾರರಿಗೆ ಗೊತ್ತಿಲ್ಲದ ಒಂದು ಲೆಕ್ಕವಿದೆ. ಎರಡು ಸುತ್ತುಗಳ ನಡುವಿನ ಕಡ್ಡಾಯ ವಿರಾಮದ ಗಡಿಯಾರ ಒಬ್ಬೊಬ್ಬರಿಗೂ ಬೇರೆ. ನೀವು ಮತ್ತು ನಿಮ್ಮ ಗೆಳತಿ ಒಟ್ಟಿಗೇ ಒಳಗೆ ಬಂದಿರಿ ಅನ್ನಿ. ಅವಳ ಕುದುರೆ 8:10ಕ್ಕೆ ಬಡಿತ ಇಳಿಸಿಕೊಂಡು ಡಾಕ್ಟರ ಮುಂದೆ ನಿಂತಿತು, ನಿಮ್ಮದು 8:14ಕ್ಕೆ. ವಿರಾಮ 40 ನಿಮಿಷವಾದರೆ ಅವಳು 8:50ಕ್ಕೆ ಹೊರಡುತ್ತಾಳೆ, ನೀವು 8:54ಕ್ಕೆ. ಆ ನಾಲ್ಕು ನಿಮಿಷ ನಿಮ್ಮ ಕುದುರೆ ನಿಂತಲ್ಲಿ ನಿಂತು ಜೊತೆಗಾರ ಮಾಯವಾಗುವುದನ್ನು ನೋಡಬೇಕು. ಇಡೀ ದಿನದಲ್ಲಿ ಅಪಾಯದ ಹೊತ್ತು ಇದೇ. ಲಗಾಮು ಕಿತ್ತುಕೊಂಡು ಓಡುವುದು, ಜೀನು ಹಾಕಲು ಬಿಡದಿರುವುದು, ಸವಾರನನ್ನು ಕೆಡವುವುದು ಆಗಲೇ.

ಮೊದಲ ಸ್ಪರ್ಧೆಯಲ್ಲಿ ಮುಂಚೆಯೇ ಮಾತಾಡಿಕೊಳ್ಳಿ: ಬೇಗ ಬಡಿತ ಇಳಿದವರು ತುಸು ಕಾದು, ಇಬ್ಬರೂ ಒಟ್ಟಿಗೇ ಪರೀಕ್ಷೆಗೆ ನಿಲ್ಲುವುದು. ಕೆಲವು ನಿಮಿಷ ಕಳೆದುಕೊಳ್ಳುತ್ತೀರಿ, ಹೋಗಲಿ. ಆದರೆ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. ಗೆಳತಿಯ ಕುದುರೆ ಕುಂಟಿ ಹೊರಬಿದ್ದರೆ ಮುಂದಿನ ಸುತ್ತು ನಿಮ್ಮದು ಒಂಟಿ ಸುತ್ತೇ. ಅದಕ್ಕೇ ಈ ನಾಲ್ಕು ನಿಮಿಷವನ್ನು ಮನೆಯಲ್ಲೇ ಅಭ್ಯಾಸ ಮಾಡಿಸುತ್ತೇವೆ. ಸವಾರಿ ಮುಗಿಸಿ ಬಂದು, ನೀರು ಹೊಯ್ದು, ಮೇವು ಹಾಕಿ, ಜೀನು ಬಿಗಿದು, ಸುಬೇದಾರನನ್ನು ಮುಂದೆ ಕಳಿಸುತ್ತೇವೆ. ಕಸ್ತೂರಿ ಮೇಯುತ್ತಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಅವಳೂ ಹೊರಡುತ್ತಾಳೆ, ಒಮ್ಮೊಮ್ಮೆ ಬೇರೆ ದಿಕ್ಕಿಗೆ.

ಓಡಿಸಿ ತೋರಿಸುವ ಪಟ್ಟೆಯೂ ಹೀಗೇ. ಡಾಕ್ಟರಿಗೆ ಕಾಲು ನೋಡಲು ಕೈಯಲ್ಲಿ ಹಿಡಿದು ಸುಮಾರು 40 ಮೀಟರ್ ನೇರ ಓಡಿಸಿ ತಿರುಗಿಸಿಕೊಂಡು ಬರಬೇಕು. ಹೋಗುವಾಗ ಎಲ್ಲ ಕುದುರೆಗಳಿಂದ ದೂರ, ಬರುವಾಗ ಹತ್ತಿರ. ಎಳೆ ಕುದುರೆ ಹೋಗುವಾಗ ಕಾಲೂರಿ ನಿಲ್ಲುತ್ತದೆ, ಬರುವಾಗ ನಿಮ್ಮನ್ನೇ ಎಳೆದುಕೊಂಡು ಬರುತ್ತದೆ. ಕತ್ತು ಒಂದು ಕಡೆ ತಿರುಚಿ ಓಡುವ ಕುದುರೆಯ ಹೆಜ್ಜೆ ಸಮವೋ ಅಲ್ಲವೋ ಎಂದು ಹೇಳುವುದು ಡಾಕ್ಟರಿಗೂ ಕಷ್ಟ. ತೋಟದ ಬೇಲಿಯ ಪಕ್ಕ ಒಂದು ಪಟ್ಟೆ ಗುರುತು ಮಾಡಿಕೊಂಡು, ದೂರದ ತುದಿಯಲ್ಲಿ ಒಂದು ಹಿಡಿ ಹುರುಳಿ ಇಟ್ಟು ಅಭ್ಯಾಸ ಮಾಡಿ.

ಪ್ರಯಾಣ ಮತ್ತು ಕ್ಯಾಂಪು

ಕುದುರೆ ಸಾಗಿಸುವ ಗಾಡಿಯಲ್ಲಿ, ಅಂದರೆ ಹಾರ್ಸ್ ಫ್ಲೋಟಿನಲ್ಲಿ, ನಾಲ್ಕು ತಾಸು ಪಕ್ಕಪಕ್ಕ ನಿಂತು ಬಂದ ಅಪರಿಚಿತ ಕುದುರೆ, ಇಳಿಯುವ ಹೊತ್ತಿಗೆ ಜನ್ಮಾಂತರದ ಗೆಳೆಯನಾಗಿರುತ್ತದೆ. ಸುಬೇದಾರನನ್ನು ಮನೆಯಲ್ಲಿ ಬಿಟ್ಟು ಬಂದೆವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇಳಿದ ತಕ್ಷಣ ಇಬ್ಬರನ್ನೂ ಬೇರೆ ಕೋಣೆಗಳಲ್ಲಿ ಕಟ್ಟಿ, ಇಬ್ಬರಿಗೂ ಬೇರೆ ಕುದುರೆಗಳು ಕಾಣುವ ಹಾಗೆ. ಒಂಟಿಯಾಗಿ ಸಾಗಿಸಬೇಕಾದರೆ ಒಡೆಯದ ಅಕ್ರಿಲಿಕ್ ಕನ್ನಡಿಯನ್ನು ಪಕ್ಕಕ್ಕೆ ಗಟ್ಟಿಯಾಗಿ ಕೂರಿಸಬಹುದು. ಕನ್ನಡಿಯಿದ್ದಾಗ ಕುದುರೆಗಳು ತಲೆ ಒದರುವುದು, ಹಿಂದೆ ತಿರುಗಿ ನೋಡುವುದು ಕಮ್ಮಿಯಾದದ್ದನ್ನು ಇಂಗ್ಲೆಂಡಿನ ಸಂಶೋಧಕರು ಅಳೆದು ನೋಡಿದ್ದಾರೆ.

ಹಳೇ ಜೊತೆಗಾರನನ್ನು ಸ್ಪರ್ಧೆಗೆ ಒಯ್ಯಲೇಬಾರದು ಎನ್ನುವವರು ಹೆಚ್ಚು. ನಾನು ಒಪ್ಪುವುದಿಲ್ಲ. ಮೊದಲ ಸಲ ಸ್ಪರ್ಧಿಸದೆ, ಬರೀ ಕ್ಯಾಂಪು ತೋರಿಸಲು ಒಯ್ಯಿರಿ, ಆಗ ಮುದುಕನೂ ಬರಲಿ. ಮೈಕಿನ ಸದ್ದು, ಜನರೇಟರ್, ಡೇರೆ, ನೂರು ಅಪರಿಚಿತ ವಾಸನೆ, ಇವನ್ನು ಮೊದಲು ಅರಗಿಸಿಕೊಳ್ಳಲಿ. ಒಂಟಿತನ ಮುಂದಿನ ಸಲಕ್ಕೆ.

ಕುದುರೆ ನಿಂತೇ ಮಂಪರಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಸುತ್ತ ಯಾರೂ ಕಾಣದಿದ್ದರೆ ಮಲಗುವ ಧೈರ್ಯ ಮಾಡುವುದಿಲ್ಲ. ಬೆಳಗ್ಗೆ ಮೈಮೇಲೆ ಹುಲ್ಲು, ಮಣ್ಣು ಅಂಟಿದೆಯೇ ನೋಡಿ. ಅಂಟಿದ್ದರೆ ರಾತ್ರಿ ಮಲಗಿತ್ತು ಎಂದರ್ಥ. ನೀರಿನ ವಿಷಯಕ್ಕೆ ಮನೆಯಲ್ಲೇ ಕೆಲವು ದಿನ ಬಕೆಟ್ಟಿಗೆ ಚಿಟಿಕೆ ಬೆಲ್ಲ ಹಾಕಿ ರೂಢಿ ಮಾಡಿಸಿದರೆ ಪರಸ್ಥಳದ ನೀರಿನ ರುಚಿ ಗೊತ್ತಾಗುವುದಿಲ್ಲ. ಬಕೆಟ್ ನಿಮ್ಮದೇ ಇರಲಿ, ಬೇರೆಯವರ ಬಕೆಟ್ಟಿನಲ್ಲಿ ಕುಡಿಸಬೇಡಿ. ಕುದುರೆಯಿಂದ ಕುದುರೆಗೆ ಅಂಟುವ ಗ್ಲ್ಯಾಂಡರ್ಸ್ ಕಾಯಿಲೆ ನಮ್ಮ ದೇಶದಲ್ಲಿ ಇನ್ನೂ ಇದೆ.

ಸ್ಪರ್ಧೆಯ ದಿನ

ಎಲ್ಲರೊಂದಿಗೆ ಹೊರಡಬೇಡಿ. ಆಯೋಜಕರನ್ನು ಕೇಳಿ, ನಿಯಮ ಬಿಡುವಷ್ಟು ತಡವಾಗಿ, ಮುಂದಿನವರ ಧೂಳು ಕೂತ ಮೇಲೆ ಹೊರಡಿ. ಎಫ್‌ಇಐ (ಕುದುರೆ ಸವಾರಿ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಕಲಿಕೆಯ ಹಂತದ ಸ್ಪರ್ಧೆಗೆ ವೇಗದ ಮಿತಿಯೇ ಇದೆ, ನೀವು ಅದಕ್ಕಿಂತಲೂ ನಿಧಾನ ಹೋಗಿ. ಅಂತರರಾಷ್ಟ್ರೀಯ ಸ್ಪರ್ಧೆಯ ಮೊದಲ ಮೆಟ್ಟಿಲಾದ ಒಂದು ಸ್ಟಾರ್ ಮಟ್ಟಕ್ಕೆ ಕುದುರೆಗೆ 6 ವರ್ಷ ತುಂಬಿರಬೇಕು ಎಂದು ನಿಯಮವೇ ಕಾಯಲು ಹೇಳುತ್ತದೆ, ನಿಮಗೇನು ಅವಸರ? ಯಾರಾದರೂ ಹಿಂದಿನಿಂದ ದಾಟಲು ಬಂದರೆ ದಾರಿ ಬದಿಗೆ ಸರಿದು, ಕುದುರೆಯ ಮುಖ ಅವರ ಕಡೆಗೆ ತಿರುಗಿಸಿ ನಿಲ್ಲಿಸಿ, ಅವರು ಕಣ್ಮರೆಯಾಗುವವರೆಗೆ ಒಂದಿಷ್ಟು ಹುಲ್ಲು ಮೇಯಲು ಬಿಡಿ. ಯಾರದೋ ಕುದುರೆಯ ಬಾಲಕ್ಕೆ ಅಂಟಿ ಓಡುವುದು ಆ ಕ್ಷಣಕ್ಕೆ ಸುಲಭ, ಆದರೆ ಸಾಲ ವೆಟ್ ಗೇಟಿನಲ್ಲಿ ತೀರಿಸಬೇಕಾಗುತ್ತದೆ.

ಮೊದಲ ಗೇಟಿನಲ್ಲಿ ನೀರು ಮುಟ್ಟದೆ, ಮೇವು ಮೂಸದೆ ಬರೀ ದಿಗಂತ ನೋಡುತ್ತ ನಿಂತರೆ, ಬಡಿತ 64ಕ್ಕೆ ಇಳಿದಿದ್ದರೂ ಹೆಸರು ಹಿಂತೆಗೆದುಕೊಳ್ಳಿ. ಬೆವರಿ ನೀರು ಕಳೆದುಕೊಂಡ ಕುದುರೆ ಕುಡಿಯದೆ ಇನ್ನೊಂದು ಸುತ್ತು ಹೋದರೆ ಕರುಳು ನಿಲ್ಲುತ್ತದೆ, ಹೊಟ್ಟೆಶೂಲೆ ಬರುತ್ತದೆ.

ಶಾಂತವಾಗಿಸುವ ಔಷಧಿ ಬಗ್ಗೆ ಒಂದೇ ಮಾತು: ಬೇಡ. ಅಸಿಪ್ರೊಮಜಿನ್ ಥರದ ಇಂಜೆಕ್ಷನ್ ಮಾತ್ರವಲ್ಲ, ಗಿಡಮೂಲಿಕೆ ಎಂದು ಮಾರುವ ವಲೇರಿಯನ್ ಕೂಡ ಎಫ್‌ಇಐ ನಿಷೇಧದ ಪಟ್ಟಿಯಲ್ಲಿದೆ. ಡಬ್ಬದ ಮೇಲೆ ನೈಸರ್ಗಿಕ ಎಂದು ಬರೆದಿದ್ದರೆ ನಿಯಮ ಸಡಿಲವಾಗುವುದಿಲ್ಲ.

ಮನೆಯಲ್ಲಿ ಉಳಿದವನನ್ನು ಮರೆಯಬೇಡಿ. ನೀವು ಕಸ್ತೂರಿಯನ್ನು ಒಯ್ದಾಗ ಲಾಯದಲ್ಲಿ ಸುಬೇದಾರನೂ ಒಂಟಿ. ಮುದುಕ ಮೇವು ಬಿಟ್ಟು ಬೇಲಿಗುಂಟ ಓಡಾಡಿ ಕಾಲು ಉಳುಕಿಸಿಕೊಂಡರೆ ನಿಮ್ಮ ತರಬೇತಿಯ ಅರ್ಧವೇ ಹೋಯಿತು. ನನ್ನಪ್ಪ ಬೆಂಗಳೂರು ರೇಸ್‌ಕೋರ್ಸಿನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಚಡಪಡಿಸುವ ಕುದುರೆಯ ಕೋಣೆಗೆ ಅವರು ಮೇಕೆ ಬಿಡುತ್ತಿದ್ದರು. ನಾವೂ ಒಂದು ಮೇಕೆ ಸಾಕಿದ್ದೇವೆ, ಸುಬೇದಾರ ಅದನ್ನು ನೆಕ್ಕಿ ನೆಕ್ಕಿ ಬೋಳು ಮಾಡಿದ್ದಾನೆ. ಸ್ಪರ್ಧೆಗೆ ಹೊರಡುವ ದಿನ ಮೇಕೆ ಅವನ ಕೋಣೆಯಲ್ಲೇ ಇರುವಂತೆ, ಫ್ಲೋಟು ಹೊರಡುವ ಮುಂಚೆಯೇ ಸೇರಿಸಿಬಿಡಿ. ಹುರುಳಿ, ಓಟ್ಸ್ ಚೀಲಗಳ ಬಾಯಿ ಮಾತ್ರ ಬಿಗಿಯಾಗಿ ಕಟ್ಟಿಡಿ. ಕಾಳು ಮುಕ್ಕಿ ಹೊಟ್ಟೆ ಉಬ್ಬಿಸಿಕೊಂಡ ಮೇಕೆಗಾಗಿ ನಡುರಾತ್ರಿ ಡಾಕ್ಟರಿಗೆ ಫೋನು ಮಾಡುವಾಗ, ಕುದುರೆ ಹೇಗಿದೆ ಎಂದೇ ಅವರು ಮೊದಲು ಕೇಳುತ್ತಾರೆ.